ರೇಸ್ ಕುದುರೆಯಲ್ಲಿ ಪಾಲು ತೆಗೆದುಕೊಳ್ಳುವುದು ತಪ್ಪಾ?

ಹರಿಹರದ_ಹರಿ
ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ. ಆಫೀಸಿನಲ್ಲಿ ಐದು ಜನ ಸೇರಿ ಒಂದು ರೇಸ್ ಕುದುರೆಯಲ್ಲಿ ಪಾಲು ತೆಗೆದುಕೊಳ್ಳೋಣ ಅಂತ ಮಾತಾಗಿದೆ. ಸಹೋದ್ಯೋಗಿಯೊಬ್ಬರ ಮಾವನಿಗೆ ಈ ವ್ಯವಹಾರ ಹಳೆಯದು. ಎರಡು ವರ್ಷದ ಹೆಣ್ಣು ಕುದುರೆ, ಇನ್ನೂ ಒಂದು ರೇಸೂ ಓಡಿಲ್ಲ. ಕೊಳ್ಳುವ ದುಡ್ಡಿನಲ್ಲಿ ಪಾಲು, ತಿಂಗಳ ಖರ್ಚಿನಲ್ಲಿ ಪಾಲು, ಗೆದ್ದರೆ ಬಹುಮಾನದಲ್ಲೂ ಪಾಲು.

ಹೋದ ವಾರ ಬೆಳಗಿನ ಜಾವ ಅದನ್ನು ನೋಡಿ ಬಂದೆವು. ಆಗಷ್ಟೇ ಓಡಿಸಿ ತಂದಿದ್ದರು, ಮೈಯಿಂದ ಹಬೆ ಏಳುತ್ತಿತ್ತು. ನನ್ನ ಕೈ ಮೂಸಿ, ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮನೆಗೆ ಬಂದು ಹೇಳಿದರೆ ಹೆಂಡತಿಯದು ಒಂದೇ ಮಾತು: "ಬೀದಿ ನಾಯಿಗೆ ಕಲ್ಲು ಹೊಡೆದವರ ಜತೆ ಜಗಳ ಆಡೋರು ನೀವು. ಈಗ ದುಡ್ಡು ಕೊಟ್ಟು ಕುದುರೆಗೆ ಹೊಡೆಸ್ತೀರಾ?"

ದುಡ್ಡು ಮುಳುಗುತ್ತೆ ಅನ್ನುವ ಬುದ್ಧಿವಾದ ಬೇಡ, ಅದು ಗೊತ್ತು. ನನಗೆ ಬೇಕಿರುವುದು ಇಷ್ಟೇ: ಇದು ನಿಜವಾಗಲೂ ಹಿಂಸೆಯಾ? ಚೆನ್ನಾಗಿ ನೋಡಿಕೊಳ್ಳುವ ಮಾಲೀಕರಾಗಿ ಇರೋಕೆ ಆಗುತ್ತಾ? ಕುದುರೆ ಹತ್ತಿರದಿಂದ ಬಲ್ಲವರು ಹೇಳಿ.

ನಾಗರಬಾವಿ_ನಾಣಿ
ಬೇಡ ಅಂದ್ರೂ ಬುದ್ಧಿವಾದ ಕೊಡ್ತೀನಿ. ತಗೋಬೇಡಿ.

ಟೋಟೆ_ತಾತ
ಹರಿಯವರೇ, ಧೈರ್ಯವಾಗಿ ತಗೊಳ್ಳಿ. ಕೆಲಸಕ್ಕೆ ಸೇರಿದ ಕಾಲದಿಂದ ರೇಸ್ ನೋಡುತ್ತಿದ್ದೇನೆ, ರಿಟೈರ್ ಆಗಿಯೂ ಬಹಳ ಕಾಲವಾಯಿತು. ಬೇಸಿಗೆ ಸೀಸನ್, ಚಳಿಗಾಲದ ಸೀಸನ್, ಯಾವುದನ್ನೂ ಬಿಟ್ಟಿಲ್ಲ. ರೇಸ್ ಕುದುರೆಗೆ ಸಿಗುವ ಆರೈಕೆ ನಿಮ್ಮ ಮನೆ ಮಕ್ಕಳಿಗೂ ಸಿಗಲ್ಲ. ಹೊತ್ತು ಹೊತ್ತಿಗೆ ಓಟ್ಸು, ಹುರುಳಿ, ಕುದುರೆ ಮಸಾಲೆ ಸೊಪ್ಪು. ಮಾಲೀಶು ಮಾಡೋಕೆ ಒಬ್ಬ, ಲಾಳ ಕಟ್ಟೋಕೆ ಒಬ್ಬ, ನೋಡೋಕೆ ಡಾಕ್ಟರು. ಮಾರುಕಟ್ಟೆಯಲ್ಲಿ ಮೂಟೆ ಎಳೆಯುವ ಕುದುರೆಯನ್ನು ನೋಡಿ, ಆಮೇಲೆ ಹಿಂಸೆ ಅಂದ್ರೆ ಏನು ಅಂತ ಹೇಳಿ.

ಇನ್ನೊಂದು. ಓಡುವುದು ಕುದುರೆಯ ಹುಟ್ಟುಗುಣ. ಜಾಕಿ ಬಿದ್ದುಹೋದ ಮೇಲೂ ಗುಂಪಿನ ಜತೆ ಓಡುತ್ತಲೇ ಇರುತ್ತೆ, ನೋಡಿದ್ದೀರಾ? ಅದಕ್ಕೆ ಯಾರೂ ಹೊಡೆಯುತ್ತಿರಲ್ಲ.

ಸಿಡ್ನಿ_ಶೆಟ್ರು
ತಾತ, ಓಡುವುದು ಹುಟ್ಟುಗುಣ ಆದರೆ ಚಾಟಿ ಯಾಕೆ?

ಟೋಟೆ_ತಾತ
ಚಾಟಿ ಹೊಡೆಯೋಕಲ್ಲ ಶೆಟ್ರೇ, ದಾರಿ ತೋರಿಸೋಕೆ. ಈಗಿನದರ ತುದಿಗೆ ಮೆತ್ತೆ ಇರುತ್ತೆ. ಸದ್ದು ಜಾಸ್ತಿ, ಪೆಟ್ಟು ಕಡಿಮೆ.

ಸಿಡ್ನಿ_ಶೆಟ್ರು
ಅದನ್ನೇ ಇಲ್ಲೂ ಹೇಳುತ್ತಿದ್ದರು. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಮನುಷ್ಯರ ಚರ್ಮ ಮತ್ತು ಕುದುರೆಯ ಚರ್ಮ ಎರಡನ್ನೂ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ನೋವು ಹಿಡಿಯುವ ನರದ ತುದಿಗಳ ದಟ್ಟಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸುವ ಪ್ರಾಣಿ ಅದು. ಚಾಟಿ ಗೊತ್ತಾಗಲ್ಲ ಅಂದ್ರೆ ಹೇಗೆ ನಂಬೋದು?

ನಾರ್ವೆಯಲ್ಲಿ 1982ರಲ್ಲೇ ಗೆಲ್ಲಿಸೋಕೆ ಚಾಟಿ ಬಳಸುವುದನ್ನು ನಿಲ್ಲಿಸಿದರು. ರೇಸ್ ನಿಂತುಹೋಗಲಿಲ್ಲ. ಬ್ರಿಟನ್ನಿನಲ್ಲಿ 2023ರಿಂದ ಸಮತಟ್ಟು ಓಟದಲ್ಲಿ ಆರು ಏಟು, ಬೇಲಿ ಹಾರುವ ಓಟದಲ್ಲಿ ಏಳು. ಅದಕ್ಕಿಂತ ನಾಲ್ಕು ಜಾಸ್ತಿ ಆದರೆ ಗೆದ್ದ ಕುದುರೆಯನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ಆರು ಸರಿ, ಹತ್ತು ತಪ್ಪು ಅನ್ನುವ ಲೆಕ್ಕ ನನಗಂತೂ ಅರ್ಥ ಆಗಲ್ಲ.

ಮಲ್ಲಿಗೆ_ಮೈಸೂರು
ಎಲ್ಲ ಕುದುರೆಗೂ ಚಾಟಿ ಇಲ್ಲ ಅಂದ್ರೆ ಯಾರಿಗೂ ನಷ್ಟ ಇಲ್ಲ ಅಲ್ವಾ? ಎಲ್ಲವೂ ಅರ್ಧ ಸೆಕೆಂಡ್ ನಿಧಾನ ಆಗುತ್ತವೆ, ಅಷ್ಟೇ. ಗೆಲ್ಲೋದು ಆಗಲೂ ಒಂದೇ ಕುದುರೆ.

ಟೋಟೆ_ತಾತ
ಜಾಕಿಗೆ ಕೈಯಲ್ಲಿ ಏನೂ ಇಲ್ಲದಿದ್ದರೆ ಪಕ್ಕಕ್ಕೆ ವಾಲುವ ಕುದುರೆಯನ್ನು ಸರಿಮಾಡೋದು ಹೇಗಮ್ಮ? ಅಷ್ಟು ವೇಗದಲ್ಲಿ ಒಂದಕ್ಕೊಂದು ತಾಗಿದರೆ ಎರಡು ಕುದುರೆ, ಇಬ್ಬರು ಜಾಕಿ ನೆಲಕ್ಕೆ.

ಲಾಯದ_ಡಾಕ್ಟ್ರು
ಪಶುವೈದ್ಯ ನಾನು. ಕುದುರೆಗಳನ್ನೇ ಜಾಸ್ತಿ ನೋಡಿದವನು. ಯಾವ ಊರು, ಯಾವ ಕ್ಲಬ್ಬು ಅಂತ ಕೇಳಬೇಡಿ.

ಚಾಟಿ ಕಣ್ಣಿಗೆ ಕಾಣುತ್ತೆ, ಹಾಗಾಗಿ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಕುದುರೆಗೆ ಜಾಸ್ತಿ ತೊಂದರೆ ಆಗುವುದು ಯಾರೂ ನೋಡದ ಹೊತ್ತಿನಲ್ಲಿ. ಬಯಲಿನಲ್ಲಿ ಬಿಟ್ಟರೆ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತೆ. ಅದರ ಹೊಟ್ಟೆಯಲ್ಲಿ ಆಮ್ಲ ಸುರಿಯುವುದು ನಿಲ್ಲುವುದೇ ಇಲ್ಲ, ತಿಂದರೂ ತಿನ್ನದಿದ್ದರೂ. ರೇಸ್ ಕುದುರೆಗೆ ಏನು ಮಾಡುತ್ತೇವೆ? ದಿನದ ಬಹುಪಾಲು ಒಂದು ಕೋಣೆಯಲ್ಲಿ ನಿಲ್ಲಿಸಿ, ಎರಡು ಮೂರು ಹೊತ್ತು ಕಾಳು ಹಾಕುತ್ತೇವೆ. ನಡುವೆ ಖಾಲಿ ಹೊಟ್ಟೆ. ತರಬೇತಿಯಲ್ಲಿರುವ ಕುದುರೆಗಳ ಹೊಟ್ಟೆಗೆ ಕೊಳವೆ ಇಳಿಸಿ ನೋಡಿದ ಅಧ್ಯಯನಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತಕ್ಕೆ ಹುಣ್ಣು ಸಿಕ್ಕಿದೆ. ತಾತ ಹೇಳಿದ ಓಟ್ಸು, ಹುರುಳಿ ಎಲ್ಲ ನಿಜ. ಅದೇ ಹುಣ್ಣಿಗೂ ದಾರಿ.

ಎರಡನೆಯದು ಶ್ವಾಸಕೋಶ. ಪೂರ್ತಿ ವೇಗದಲ್ಲಿ ಓಡಿದ ಮೇಲೆ ನೋಡಿದರೆ ಸುಮಾರು ಅರ್ಧದಷ್ಟು ಕುದುರೆಗಳ ಶ್ವಾಸನಾಳದಲ್ಲಿ ರಕ್ತ ಕಾಣುತ್ತೆ. ಮೂಗಿನಿಂದ ಹೊರಗೆ ಬರುವುದು ಅಪರೂಪ, ಅದಕ್ಕೇ ಸ್ಟ್ಯಾಂಡಿನಲ್ಲಿ ಕೂತವರಿಗೆ ಗೊತ್ತಾಗಲ್ಲ.

ಮೂರನೆಯದು ಕಾಲು. ಮುಂಗಾಲಿನ ಮಂಡಿಯಿಂದ ಕೆಳಗೆ ಸ್ನಾಯು ಇಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ, ಅಷ್ಟೇ. ನಾಗಾಲೋಟದಲ್ಲಿ ಒಂದು ಗಳಿಗೆ ಒಂದೇ ಮುಂಗಾಲಿನ ಮೇಲೆ ದೇಹದ ತೂಕದ ಎರಡೂವರೆ ಪಟ್ಟು ಭಾರ ಬೀಳುತ್ತೆ. ಕುದುರೆಯ ತೂಕ 450 ರಿಂದ 500 ಕಿಲೋ. ಲೆಕ್ಕ ನೀವೇ ಹಾಕಿ.

ಹರಿಯವರ ಪ್ರಶ್ನೆಗೆ: ಎರಡು ವರ್ಷದ ಮರಿಯನ್ನು ಓಡಿಸಲೇಬಾರದು ಅನ್ನುವವರಲ್ಲಿ ನಾನಿಲ್ಲ. ಚಿಕ್ಕ ವಯಸ್ಸಿನಲ್ಲಿ ಹದವಾಗಿ ಓಡಿದ ಕುದುರೆಯ ಮೂಳೆ ಗಟ್ಟಿಯಾಗುತ್ತೆ, ಇದಕ್ಕೆ ಒಳ್ಳೆಯ ಪುರಾವೆ ಇದೆ. ಕೋಣೆಯಲ್ಲಿ ಕೂಡಿಹಾಕಿ ಬೆಳೆಸಿದರೆ ಇನ್ನೂ ಕೆಟ್ಟದು. ಹದ ತಪ್ಪುವುದು ಎಲ್ಲಿ ಅಂದ್ರೆ, ಕಾಲು ಸ್ವಲ್ಪ ಬಿಸಿ ಇದೆ, ಮುಂದಿನ ಶನಿವಾರ ರೇಸ್ ಇದೆ, ಮಾಲೀಕರು ಊರಿಂದ ಬರುತ್ತಿದ್ದಾರೆ. ಆಗ ಬೇಡ ಅನ್ನುವವರು ಯಾರು?

ಪುಟ್ಟಿಯ_ಅಮ್ಮ
ಡಾಕ್ಟ್ರೇ, ಕಾಲು ಮುರಿದರೆ ಕೊಂದೇ ಬಿಡ್ತಾರಂತೆ, ನಿಜವಾ? ಮನುಷ್ಯರಿಗೆ ಹಾಕೋ ಹಾಗೆ ಪಟ್ಟಿ ಹಾಕೋಕೆ ಆಗಲ್ವಾ?

ಲಾಯದ_ಡಾಕ್ಟ್ರು
ಕೆಲವು ಮುರಿತಗಳಿಗೆ ಆಗುತ್ತೆ. ಎಲ್ಲಕ್ಕೂ ಆಗಲ್ಲ. ಅಮೆರಿಕದ ಬಾರ್ಬಾರೋ ಅನ್ನುವ ಕುದುರೆ 2006ರ ಕೆಂಟಕಿ ಡರ್ಬಿ ಗೆದ್ದಿತ್ತು. ಎರಡೇ ವಾರದಲ್ಲಿ ಪ್ರೀಕ್‌ನೆಸ್ ಓಟದಲ್ಲಿ ಹಿಂಗಾಲು ಚೂರುಚೂರಾಯಿತು. ದೊಡ್ಡ ಆಸ್ಪತ್ರೆ, ಬೇಕಾದಷ್ಟು ದುಡ್ಡು, ಇಡೀ ದೇಶದ ಪ್ರಾರ್ಥನೆ. ಮೂಳೆ ಹೆಚ್ಚುಕಮ್ಮಿ ಕೂಡಿಕೊಂಡಿತ್ತು. ಆದರೆ ನೋವಿನ ಕಾಲಿಗೆ ಭಾರ ಹಾಕದೆ ಬೇರೆ ಕಾಲುಗಳ ಮೇಲೆ ನಿಂತೂ ನಿಂತೂ ಆ ಗೊರಸುಗಳ ಒಳಪದರ ಕೆಟ್ಟಿತು. ಜನವರಿ 2007ರಲ್ಲಿ ದಯಾಮರಣ ಕೊಡಬೇಕಾಯಿತು. ಕುದುರೆಯನ್ನು ತಿಂಗಳುಗಟ್ಟಲೆ ಮಲಗಿಸಿಡೋಕೆ ಆಗಲ್ಲ, ಅದೇ ಸಮಸ್ಯೆ.

ಬೆಳಗಾವಿ_ಬಸು
ಕ್ಯಾಲಿಫೋರ್ನಿಯಾದ ಸಾಂಟಾ ಅನಿತಾದಲ್ಲಿ 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್ ತನಕ ಒಂದೇ ಸೀಸನ್‌ನಲ್ಲಿ 30 ಕುದುರೆ ಸತ್ತವು. ಆಮೇಲೆ ಅಮೆರಿಕದವರು 2020ರಲ್ಲಿ ಕಾನೂನು ಮಾಡಿ, ಇಡೀ ದೇಶಕ್ಕೆ ಒಂದೇ ಸುರಕ್ಷತಾ ಪ್ರಾಧಿಕಾರ ತಂದರು. ಅದಾದ ಮೇಲೂ 2023ರಲ್ಲಿ ಕೆಂಟಕಿ ಡರ್ಬಿ ನಡೆಯುವ ಚರ್ಚಿಲ್ ಡೌನ್ಸ್‌ನಲ್ಲೇ 12 ಸತ್ತು ರೇಸನ್ನು ಬೇರೆ ಊರಿಗೆ ಒಯ್ದರು. ಅಲ್ಲಿ ಸತ್ತದ್ದು ಎಣಿಕೆಗಾದರೂ ಸಿಗುತ್ತೆ. ನಮ್ಮಲ್ಲಿ ಎಲ್ಲ ಕ್ಲಬ್ಬಿನವರೂ ಸೇರಿ ವರ್ಷಕ್ಕೊಂದು ಲೆಕ್ಕ ಹೊರಗೆ ಹಾಕಲಿ ನೋಡೋಣ.

ಕಡಲತಡಿ_ಕುಟ್ಟಿ
ಈಗ ಒಂದು ಮಾತು ಕೇಳಲೇಬೇಕು. ಕಂಬಳ ಅಂದ ಕೂಡಲೇ ಹಿಂಸೆ, ಕ್ರೌರ್ಯ, ಸುಪ್ರೀಂ ಕೋರ್ಟು. 2014ರಲ್ಲಿ ಕಂಬಳ ನಿಲ್ಲಿಸಿದರು. ನಮ್ಮ ಕೋಣಗಳು ಓಡುವುದು ಕೆಸರುಗದ್ದೆಯಲ್ಲಿ, ಒಂದು ಓಟ 15 ಸೆಕೆಂಡೂ ಇಲ್ಲ. ಅದೇ ಬೆಂಗಳೂರಿನ ನಡುಮಧ್ಯೆ ಸೂಟು ಹಾಕಿಕೊಂಡು ಕುದುರೆಗೆ ಚಾಟಿ ಬೀಸಿದರೆ ಅದು ಡರ್ಬಿ. ಇದು ಯಾವ ನ್ಯಾಯ?

ಕಪ್ಪುಕೋಟು
ಕುಟ್ಟಿಯವರೇ, ಸಣ್ಣ ತಿದ್ದುಪಡಿ. 2014ರ ಮೇ 7ರ ತೀರ್ಪು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಬಗ್ಗೆ. ಕಂಬಳ ನಿಂತದ್ದು 2016ರ ಕೊನೆಗೆ, ನಮ್ಮ ಹೈಕೋರ್ಟಿನ ತಡೆಯಿಂದ. ಆಮೇಲೆ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರರ ತಿದ್ದುಪಡಿಗಳನ್ನೂ ಎತ್ತಿಹಿಡಿಯಿತು.

ಕುದುರೆ ರೇಸಿನ ಕಥೆ ಬೇರೆ. ತಮಿಳುನಾಡು 1974ರಲ್ಲೇ ರೇಸ್ ರದ್ದುಮಾಡುವ ಕಾನೂನು ಮಾಡಿತ್ತು. ಪ್ರಕರಣ ಎಳೆದಾಡಿ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ. ಕುದುರೆಯ ವಂಶ, ತರಬೇತಿ, ಜಾಕಿಯ ಕೈಚಳಕ ಎಲ್ಲ ಲೆಕ್ಕಕ್ಕೆ ಬರುತ್ತೆ ಅಂತ. ಗಮನಿಸಿ, ಇಡೀ ವಾದ ಜೂಜು ಹೌದೋ ಅಲ್ಲವೋ ಅನ್ನುವುದರ ಸುತ್ತ. 2024ರಲ್ಲಿ ಬೆಂಗಳೂರಿನಲ್ಲಿ ಪರವಾನಗಿ ಸಿಗದೆ ರೇಸ್ ನಿಂತಾಗಲೂ ಹೈಕೋರ್ಟಿನಲ್ಲಿ ಜಾಸ್ತಿ ಕೇಳಿಸಿದ್ದು ಬೆಟ್ಟಿಂಗ್ ಮತ್ತು ತೆರಿಗೆ. ಕುದುರೆಯ ಪರವಾಗಿ ಮಾತಾಡಿದವರು ಕಡಿಮೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಈಗಲೂ.

ನಾಗರಬಾವಿ_ನಾಣಿ
50 ರೂಪಾಯಿ! ಇಲ್ಲಿ ಬೈಕ್ ನಿಲ್ಲಿಸೋಕೇ ಅಷ್ಟು ಕೇಳ್ತಾರೆ.

ಕಡಲತಡಿ_ಕುಟ್ಟಿ
ತಿದ್ದಿದ್ದಕ್ಕೆ ಸಂತೋಷ ವಕೀಲರೇ, ಆದರೂ ನನ್ನ ಪ್ರಶ್ನೆ ಹಾಗೇ ಇದೆ. ರೈತನ ಆಟಕ್ಕೆ ಒಂದು ಕಣ್ಣು, ಶ್ರೀಮಂತರ ಆಟಕ್ಕೆ ಒಂದು ಕಣ್ಣು.

ಮಲ್ಲಿಗೆ_ಮೈಸೂರು
ಕುಟ್ಟಿಯವರೇ, ಅವರೂ ಹೊಡೀತಾರೆ ಅದಕ್ಕೆ ನಮ್ಮನ್ನೂ ಬಿಡಿ ಅನ್ನೋದು ವಾದ ಆಗಲ್ಲ. ಎರಡನ್ನೂ ನೋಡಬೇಕು ಅನ್ನಿ, ಒಪ್ಪುತ್ತೇನೆ.

ಕಡಲತಡಿ_ಕುಟ್ಟಿ
ನಮ್ಮ ಕೋಣ ಓಟ ನಿಲ್ಲಿಸಿದ ಮೇಲೂ ಹಟ್ಟಿಯಲ್ಲೇ ಇರುತ್ತೆ. ಮನೆಯವರ ಜತೆ ಸಾಯೋ ತನಕ. ಅದನ್ನು ರೇಸಿನವರು ಹೇಳಲಿ.

ನಿರ್ವಾಹಕ
ಕಂಬಳಕ್ಕೆ ಬೇರೆಯೇ ಎಳೆ ಇದೆ, ಮುಂದಿನದನ್ನು ಅಲ್ಲಿ ಬರೆಯಿರಿ. ಕುಟ್ಟಿಯವರ ಕೊನೆಯ ಮಾತು ಮಾತ್ರ ಇಲ್ಲಿಗೂ ಬೇಕು ಅನ್ನಿಸಿ ಉಳಿಸಿದ್ದೇನೆ.

ಸೈಸನ_ಮಗ
ನಾನೂ ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಪ್ಪ ಸೈಸ್ ಆಗಿದ್ದರು, ಅಂದ್ರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು. ಮೂರು ಕುದುರೆ ಅವರ ಪಾಲಿಗೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ, ಮಂಡಿ ಊರಿ ಕೂತು ನಾಲ್ಕೂ ಕಾಲನ್ನು ಮೇಲಿಂದ ಕೆಳಗೆ ಅಂಗೈಯಲ್ಲಿ ಸವರುವುದು. ಬಿಸಿ ಎಲ್ಲಿದೆ ಅಂತ ನೋಡೋಕೆ. ಡಾಕ್ಟರಿಗೆ ಯಂತ್ರದಲ್ಲಿ ಕಾಣುವ ಮೊದಲು ಅಪ್ಪನ ಕೈಗೆ ಗೊತ್ತಾಗುತ್ತಿತ್ತು. "ಇವತ್ತು ಇವಳನ್ನು ಬಿಡಿ ಸಾರ್" ಅಂದರೆ ಒಬ್ಬ ತರಬೇತುದಾರರು ಕೇಳುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು. ಎರಡೂ ಇದೆ ಈ ಲೋಕದಲ್ಲಿ.

ತಾತ, ಆರೈಕೆ ಅಂದಿರಲ್ಲ, ಆ ಆರೈಕೆ ಮಾಡುವವನ ಸಂಬಳ ಕೇಳಿದ್ದೀರಾ ಯಾವತ್ತಾದರೂ? ಒದ್ದು ಪಕ್ಕೆಲುಬು ಮುರಿದಾಗ ಅಪ್ಪ ಮನೆಯಲ್ಲೇ ಮಲಗಿ ಗುಣ ಮಾಡಿಕೊಂಡರು.

ಒಂದು ಕಂದು ಬಣ್ಣದ ಕುದುರೆ ಇತ್ತು, ಹಣೆಯಲ್ಲಿ ಬಿಳಿ ಚುಕ್ಕಿ, ಎಡಗಿವಿಯ ತುದಿ ಸ್ವಲ್ಪ ಹರಿದಿತ್ತು. ಮೂರು ರೇಸ್ ಗೆದ್ದದ್ದು. ಮಾಲೀಕರು ಕುತ್ತಿಗೆಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ಕಾಲು ಕೆಟ್ಟ ಮೇಲೆ ಒಂದು ಬೆಳಿಗ್ಗೆ ಲಾರಿ ಬಂತು, ಯಾರೋ ತಗೊಂಡು ಹೋದರು. ಎಲ್ಲಿಗೆ ಅಂತ ಅಪ್ಪನಿಗೂ ಹೇಳಲಿಲ್ಲ. ಬಹಳ ದಿನ ಆದಮೇಲೆ ಒಂದು ಮದುವೆ ಮೆರವಣಿಗೆಯಲ್ಲಿ ಸಿಕ್ಕಿತು. ಬ್ಯಾಂಡು, ಪಟಾಕಿ, ಬೆನ್ನ ಮೇಲೆ ಮದುಮಗ. ಕಿವಿ ನೋಡಿ ಗುರುತು ಹಿಡಿದೆವು. ಬಾಯಲ್ಲಿ ಮುಳ್ಳಿನ ಕಡಿವಾಣ, ತುಟಿಯ ಮೂಲೆ ಎರಡೂ ಕಡೆ ಸೀಳಿತ್ತು. ಅಪ್ಪ ಹತ್ತಿರ ಹೋಗಲಿಲ್ಲ. ಹೋಗೋಣ ಅಂದೆ. "ಹೋಗಿ ಏನು ಹೇಳಲಿ" ಅಂದರು.

ಪುಟ್ಟಿಯ_ಅಮ್ಮ
ಓದಿ ಸುಮ್ನೆ ಕೂತಿದ್ದೇನೆ.

ಕಪ್ಪುಕೋಟು
ಮುಳ್ಳಿನ ಕಡಿವಾಣ 1965ರ ನಿಯಮಗಳಲ್ಲೇ ನಿಷೇಧ. ಎಲ್ಲಾದರೂ ಕಂಡರೆ ಫೋಟೋ ತೆಗೆದು ಠಾಣೆಗೆ ದೂರು ಕೊಡಬಹುದು. ಕಡಿವಾಣವನ್ನಾದರೂ ಕಳಚಿಸಬಹುದು.

ಸಿಡ್ನಿ_ಶೆಟ್ರು
ಇಲ್ಲೂ ಅದೇ ಗಾಯ. ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್, ಆ ಊರಿಗೆ ಅವತ್ತು ರಜೆ. ಅದಕ್ಕೆ ಸ್ವಲ್ಪ ದಿನ ಮೊದಲು, 2019ರ ಅಕ್ಟೋಬರಿನಲ್ಲಿ, ಎಬಿಸಿ ವಾಹಿನಿ ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆಯೊಂದರ ಒಳಗಿನ ದೃಶ್ಯ ತೋರಿಸಿತು. ರೇಸಿನಲ್ಲಿ ಓಡಿ ದುಡ್ಡು ತಂದ ಕುದುರೆಗಳೇ. ಆ ವರ್ಷ ನಮ್ಮ ಆಫೀಸಿನ ಕಪ್ ಪಂದ್ಯಕ್ಕೆ ಅರ್ಧ ಜನ ದುಡ್ಡು ಹಾಕಲಿಲ್ಲ. ಮುಂದಿನ ವರ್ಷ ಎಲ್ಲರೂ ಹಾಕಿದರು, ಅದು ಬೇರೆ ಮಾತು.

ದೋಹಾ_ದೇವು
ಇಲ್ಲಿ ಒಂಟೆ ಓಟ. ಮೊದಲು ಬೇರೆ ದೇಶಗಳಿಂದ ತಂದ ಪುಟ್ಟ ಮಕ್ಕಳನ್ನು ಕೂರಿಸುತ್ತಿದ್ದರು. ಗಲಾಟೆ ಆಗಿ 2005ರಿಂದ ರೋಬೋಟ್ ಜಾಕಿ ಬಂತು. ಟೋಪಿ, ಬಣ್ಣದ ಅಂಗಿ ಎಲ್ಲ ಹಾಕಿರುತ್ತಾರೆ ಅದಕ್ಕೆ. ಟ್ರ್ಯಾಕಿನ ಪಕ್ಕದ ರಸ್ತೆಯಲ್ಲಿ ದೊಡ್ಡ ಕಾರುಗಳು ಸಾಲಾಗಿ ಓಡುತ್ತವೆ, ಒಳಗೆ ಕೂತ ಮಾಲೀಕರು ರಿಮೋಟ್ ಒತ್ತುತ್ತಾರೆ. ಒತ್ತಿದರೆ ಏನಾಗುತ್ತೆ? ರೋಬೋಟಿನ ಕೈಯಲ್ಲಿರುವ ಚಾಟಿ ತಿರುಗುತ್ತೆ! ಮಕ್ಕಳನ್ನು ಬಿಡಿಸಿದರು, ಒಂಟೆಯನ್ನಲ್ಲ.

ಕುಣಿಗಲ್‌ನವ
ನಿಲ್ಲಿಸಿ ಅನ್ನೋದು ಸುಲಭ. ನಮ್ಮೂರಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಿಂದ ಇದೆ. ಆಗ ಸೈನ್ಯಕ್ಕೆ ಕುದುರೆ, ಆಮೇಲೆ ರೇಸಿಗೆ. 400 ಎಕರೆಗೂ ಜಾಸ್ತಿ ಜಾಗ, ಹಳೇ ಮರಗಳು, ಹುಲ್ಲುಗಾವಲು. ಅಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಬಂದಾಗ ಊರವರು ಬೇಡ ಅಂದರು. ರೇಸ್ ನಿಂತರೆ ಫಾರಂ ಯಾಕೆ? ಫಾರಂ ಇಲ್ಲದಿದ್ದರೆ ಆ ಜಾಗ ಏನಾಗುತ್ತೆ ಅಂತ ಚಿಕ್ಕ ಮಗುವಿಗೂ ಗೊತ್ತು.

ಮಲ್ಲಿಗೆ_ಮೈಸೂರು
ಮರ ಉಳಿಸೋಕೆ ಮರವೇ ಸಾಕಾದ ಕಾರಣ ಅಲ್ವಾ? ಕುದುರೆಯ ಹೆಗಲ ಮೇಲೆ ಅದನ್ನೂ ಹೊರಿಸಬೇಕಾ?

ಕುಣಿಗಲ್‌ನವ
ನೀವು ಹೇಳೋದು ಸರಿ. ಆದ್ರೆ ಸರ್ಕಾರಕ್ಕೆ ಮರ ಕಾಣಲ್ಲ, ಎಕರೆ ಕಾಣುತ್ತೆ.

ಬೆಳಗಾವಿ_ಬಸು
ನಿಲ್ಲಿಸಿದವರ ಉದಾಹರಣೆ ಕಣ್ಣ ಮುಂದೆಯೇ ಇದೆ. ಮಕಾವಿನಲ್ಲಿ ಸರ್ಕಾರ ಗುತ್ತಿಗೆ ಮುಗಿಸಿ 2024ರ ಏಪ್ರಿಲ್‌ನಿಂದ ರೇಸ್ ಬಂದ್. ಸಿಂಗಪುರದಲ್ಲಿ 2024ರ ಅಕ್ಟೋಬರ್ 5ರಂದು ಕೊನೆಯ ರೇಸ್, 180ಕ್ಕೂ ಹೆಚ್ಚು ವರ್ಷದ ಇತಿಹಾಸ ಮುಗಿಯಿತು, ಆ ಜಾಗದಲ್ಲಿ ಮನೆ ಕಟ್ಟುತ್ತಾರಂತೆ. ಎರಡು ಕಡೆಯೂ ಕುದುರೆಗಳನ್ನು ಬೇರೆ ದೇಶಕ್ಕೆ ಸಾಗಿಸೋಕೆ ಗಡುವು ಹಾಕಿ ಕೆಲಸ ಮಾಡಿದರು. ಅಂದರೆ ಯಾವ ಕುದುರೆ ಎಲ್ಲಿದೆ ಅನ್ನುವ ಪಟ್ಟಿ ಇತ್ತು.

ನಮ್ಮಲ್ಲಿ 2025ರಲ್ಲಿ ಹೈದರಾಬಾದಿನಿಂದ ಜಬಲ್ಪುರದ ಹತ್ತಿರಕ್ಕೆ 57 ಕುದುರೆ ಸಾಗಿಸಿದರು. ಕೆಲವೇ ದಿನಗಳಲ್ಲಿ ಒಂದಾದ ಮೇಲೊಂದು ಸಾಯೋಕೆ ಶುರುವಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಸತ್ತ ಮೇಲೆ ಸುದ್ದಿ ಆಗುತ್ತೆ, ಸಾಗಿಸುವಾಗ ಯಾರಿಗೂ ಗೊತ್ತಿರಲ್ಲ.

ಪುಟ್ಟಿಯ_ಅಮ್ಮ
ನನ್ನದು ಬೇರೆ ಚಿಂತೆ. ಮಗಳು ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರು, 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಅವರ ಫೋಟೋ ಗೋಡೆಗೆ ಅಂಟಿಸಿದ್ದಾಳೆ. ಸವಾರಿ ಶಾಲೆಯಲ್ಲಿರುವ ಕುದುರೆಗಳಲ್ಲಿ ಕೆಲವು ರೇಸ್‌ನಿಂದ ಬಂದವು ಅಂತ ಅಲ್ಲಿಯವರೇ ಹೇಳಿದರು. ಅದು ಒಳ್ಳೆಯದಾ? ಸವಾರಿ ಕ್ರೀಡೆಯಲ್ಲಾದರೂ ಹಿಂಸೆ ಇಲ್ಲ ತಾನೇ?

ಸಿಡ್ನಿ_ಶೆಟ್ರು
ಟೋಕಿಯೊದಲ್ಲೇ ಏನಾಯಿತು ನೆನಪಿಲ್ವಾ? ಸವಾರಿಯೂ ಸೇರಿ ಐದು ಆಟಗಳ ಸ್ಪರ್ಧೆಯಾದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಜರ್ಮನಿಯ ಹುಡುಗಿಗೆ ಚೀಟಿ ಎತ್ತಿ ಕೊಟ್ಟ ಕುದುರೆ, ಅದರ ಪರಿಚಯವೇ ಇಲ್ಲ. ಅದು ಹಾರಲ್ಲ ಅಂತ ನಿಂತಿತು. ಆಕೆ ಅಳುತ್ತಾ ಚಾಟಿ ಬೀಸಿದಳು, ಕೋಚ್ ಕುದುರೆಗೆ ಗುದ್ದಿದರು. ಲೋಕವೆಲ್ಲ ನೋಡಿತು. ಪ್ಯಾರಿಸ್ ಆದಮೇಲೆ ಆ ಆಟದಿಂದ ಸವಾರಿಯನ್ನೇ ತೆಗೆದರು.

ಪ್ಯಾರಿಸ್‌ಗೆ ಮೊದಲು ಇನ್ನೊಂದು. ಬ್ರಿಟನ್ನಿನ ಷಾರ್ಲೆಟ್ ಡುಜಾರ್ಡಿನ್, ಕುದುರೆಯನ್ನು ಲಯಬದ್ಧವಾಗಿ ನಡೆಸಿ ತೋರಿಸುವ ಡ್ರೆಸ್ಸಾಜ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ. ತರಬೇತಿಯ ವೇಳೆ ಕುದುರೆಯ ಕಾಲಿಗೆ ಮತ್ತೆ ಮತ್ತೆ ಹೊಡೆಯುವ ವಿಡಿಯೋ ಹೊರಬಂತು. ಒಂದು ವರ್ಷ ಅಮಾನತು. ಸ್ಪರ್ಧೆಯ ದಿನ ಕುದುರೆ ಕುಣಿದ ಹಾಗೆ ಕಾಣುತ್ತೆ, ಅದನ್ನು ಕಲಿಸಿದ್ದು ಹೇಗೆ ಅಂತ ಯಾರು ಕೇಳುತ್ತಾರೆ?

ಲಾಯದ_ಡಾಕ್ಟ್ರು
ಪುಟ್ಟಿಯ ಅಮ್ಮನಿಗೆ: ರೇಸ್‌ನಿಂದ ಬಂದ ಕುದುರೆಗೆ ಸವಾರಿ ಶಾಲೆ ಒಳ್ಳೆಯ ಜಾಗವೇ, ಸರಿಯಾಗಿ ಮರುತರಬೇತಿ ಕೊಟ್ಟಿದ್ದರೆ. ಅದಕ್ಕೆ ಗೊತ್ತಿರುವುದು ಒಂದೇ, ಮುಂದಕ್ಕೆ ನುಗ್ಗುವುದು. ತಿಂಗಳುಗಟ್ಟಲೆ ಬಿಡುವು ಕೊಟ್ಟು ನಿಧಾನವಾಗಿ ಕಲಿಸಬೇಕು. ಹಾಗೆ ಮಾಡದೆ ನೇರವಾಗಿ ಮಕ್ಕಳನ್ನು ಹತ್ತಿಸಿದರೆ ಮಗುವಿಗೂ ಅಪಾಯ, ಕುದುರೆಗೂ ಹಿಂಸೆ.

ಹೋದಾಗ ಇಷ್ಟು ನೋಡಿ. ತುಟಿಯ ಮೂಲೆಯಲ್ಲಿ ಗಾಯ ಅಥವಾ ಬಿಳಿ ಕಲೆ ಇದೆಯಾ. ಬೆನ್ನ ಮೇಲೆ ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲು ಬಂದಿದೆಯಾ, ಅದು ಹಳೆಯ ಹುಣ್ಣಿನ ಗುರುತು. ಬಾಗಿಲಿನ ಮರ ಕಚ್ಚಿ ಗಾಳಿ ಎಳೆದುಕೊಳ್ಳುತ್ತಾ, ನಿಂತಲ್ಲೇ ತೂಗಾಡುತ್ತಾ. ಇದು ದಿನಗಟ್ಟಲೆ ಒಂಟಿಯಾಗಿ ನಿಂತ ಕುದುರೆಗೆ ಬರುವ ಚಾಳಿ. ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡುತ್ತಾರೆ ಅಂತ ಕೇಳಿ. ಉತ್ತರಕ್ಕೆ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಟೋಟೆ_ತಾತ
ಎಲ್ಲರೂ ಸೇರಿ ನನ್ನನ್ನು ಕಟುಕ ಮಾಡಿಬಿಟ್ಟಿರಿ. ಸೈಸನ ಮಗ ಬರೆದದ್ದು ಓದಿ ನನಗೂ ಸಂಕಟ ಆಯಿತು, ಇಲ್ಲ ಅನ್ನಲ್ಲ. ಆದರೆ ಅದು ರೇಸಿನ ತಪ್ಪಾ, ಮಾಲೀಕನ ತಪ್ಪಾ? ನನಗೆ ಗೊತ್ತಿರುವ ಒಬ್ಬರು ಗೆಲ್ಲದ ಕುದುರೆಯನ್ನೂ ತಮ್ಮ ತೋಟದಲ್ಲಿ ಸಾಯೋತನಕ ಇಟ್ಟುಕೊಂಡಿದ್ದರು. ಕಳ್ಳ ಮಾಲೀಕರನ್ನು ಹಿಡಿಯಿರಿ, ಆಟವನ್ನೇ ಯಾಕೆ ಕೊಲ್ಲುತ್ತೀರಿ? ಹೇಗೂ ಸರ್ಕಾರ ಅರ್ಧ ಕೊಂದಾಗಿದೆ. 2023ರ ಅಕ್ಟೋಬರಿನಿಂದ ಹಾಕಿದ ದುಡ್ಡಿನ ಮೇಲೆಲ್ಲ 28% ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ 40%. ಬಾಜಿ ಕಟ್ಟುವ ಟೋಟೆ ಕಿಟಕಿ ಮುಂದೆ ಈಗ ಕ್ಯೂ ಕೂಡ ಇಲ್ಲ.

ಬೆಳಗಾವಿ_ಬಸು
ತಾತ, ತೆರಿಗೆ ಜಾಸ್ತಿ ಆದ ಮೇಲೆ ಮಾಲೀಕರು ಮೊದಲು ಉಳಿಸೋದು ಎಲ್ಲಿ ಹೇಳಿ? ಓಡುವ ಕುದುರೆಯ ಓಟ್ಸಿನಲ್ಲಲ್ಲ. ಓಡದ ಕುದುರೆಯಲ್ಲಿ.

ಸೈಸನ_ಮಗ
ತಾತ ಹೇಳಿದ ಒಳ್ಳೆಯ ಮಾಲೀಕರು ಇದ್ದಾರೆ. ಆದರೆ ಕುದುರೆಯ ಇಪ್ಪತ್ತು ವರ್ಷ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು. ಕುದುರೆ 25, 30 ವರ್ಷ ಬದುಕುತ್ತೆ. ಓಡೋದು ಆರೇಳು ವರ್ಷದ ತನಕ. ಉಳಿದದ್ದನ್ನು ಯಾರೂ ಖರ್ಚಿನ ಲೆಕ್ಕದಲ್ಲಿ ಬರೆಯಲ್ಲ. ಮದುವೆ ಊಟಕ್ಕೆ ಎಷ್ಟು ಸಿಹಿ ಅಂತ ತಿಂಗಳು ಚರ್ಚೆ, ಎಂಜಲೆಲೆ ಎತ್ತೋರು ಯಾರು ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರಲ್ಲ, ಹಾಗೆ.

ಹರಿ ಸಾರ್, ನೀವು ಕೇಳಬೇಕಾದ್ದು ಚಾಟಿ ಬಗ್ಗೆ ಅಲ್ಲ. ಇವಳು ಓಡೋದು ನಿಲ್ಲಿಸಿದ ಮಾರನೇ ದಿನ ಯಾರ ಕೈಯಲ್ಲಿ ಇರುತ್ತಾಳೆ ಅಂತ ಕೇಳಿ. ಬಾಯಿಮಾತಲ್ಲ, ಕಾಗದದ ಮೇಲೆ.

ಹರಿಹರದ_ಹರಿ
ಇಷ್ಟು ಜನ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಿನ್ನೆ ಆ ಮಾವನವರನ್ನು ಭೇಟಿ ಮಾಡಿ ಅದನ್ನೇ ಕೇಳಿದೆ. "ಅದಕ್ಕೆಲ್ಲ ಜನ ಇರ್ತಾರೆ, ತಗೊಂಡು ಹೋಗ್ತಾರೆ" ಅಂದರು. ಯಾರು ಅಂದೆ. "ಅದು ಆಮೇಲಿನ ಮಾತು" ಅಂದರು. ಗೆದ್ದ ಬಹುಮಾನದಲ್ಲಿ ಒಂದು ಭಾಗವನ್ನು ಅದರ ಮುಂದಿನ ಖರ್ಚಿಗೆ ಎತ್ತಿಡೋಣ, ಐದೂ ಜನರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ ಅಂತ ಬರೆದುಕೊಳ್ಳೋಣ ಅಂದೆ. ಮೂವರಿಗೆ ಒಪ್ಪಿಗೆ ಇಲ್ಲ. ಒಬ್ಬರು "ಹರಿ, ನೀನು ಕುದುರೆ ತಗೋತಿದ್ದೀಯಾ, ಹೆಣ್ಣು ಕೊಡ್ತಿದ್ದೀಯಾ?" ಅಂತ ನಕ್ಕರು. ನಾನು ಮತ್ತು ಇನ್ನೊಬ್ಬರು ಹೊರಗೆ ಬಂದಿದ್ದೇವೆ.

ಟೋಟೆ_ತಾತ
ಛೆ. ನೀವು ಬಿಟ್ಟರೆ ಆ ಜಾಗಕ್ಕೆ ಇನ್ನೂ ಕೆಟ್ಟವರು ಬರುತ್ತಾರೆ. ಒಳ್ಳೆಯವರು ಒಳಗೆ ಇರಬೇಕಿತ್ತು.

ಮಲ್ಲಿಗೆ_ಮೈಸೂರು
ಈ ಮಾತನ್ನು ಎಲ್ಲ ಕೆಟ್ಟ ವ್ಯವಹಾರಕ್ಕೂ ಹೇಳಬಹುದು ತಾತ.

ಲಾಯದ_ಡಾಕ್ಟ್ರು
ತಾತ ಹೇಳಿದ್ದರಲ್ಲಿ ಸತ್ಯ ಇಲ್ಲದೆ ಇಲ್ಲ. ಐದರಲ್ಲಿ ಮೂವರ ಮಾತೇ ನಡೆಯುವ ಪಾಲುದಾರಿಕೆಯಲ್ಲಿ ಮಾತ್ರ ಒಳಗಿದ್ದು ಏನೂ ಮಾಡೋಕೆ ಆಗಲ್ಲ. ಮಾಲೀಕರಾಗಲೇಬೇಕು ಅನ್ನಿಸಿದರೆ ಹರಿಯವರೇ, ರೇಸ್ ಬಿಟ್ಟ ಒಂದು ಕುದುರೆಯ ಖರ್ಚನ್ನು ಇಬ್ಬರೂ ಹಂಚಿಕೊಳ್ಳಿ. ದುಡ್ಡು ಹೇಗೂ ಮುಳುಗುತ್ತೆ ಅಂತ ನೀವೇ ಹೇಳಿದ್ದೀರಲ್ಲ.

ನಾಗರಬಾವಿ_ನಾಣಿ
ವಿಷಯಕ್ಕೆ ಸಂಬಂಧ ಇಲ್ಲ, ಆದ್ರೂ ಕೇಳ್ತೀನಿ. ಕುದುರೆ ಲದ್ದಿ ಗುಲಾಬಿ ಗಿಡಕ್ಕೆ ಒಳ್ಳೇದಂತೆ. ಲಾಯದವರು ಕೊಡ್ತಾರಾ?

ಸೈಸನ_ಮಗ
ಕೊಡ್ತಾರೆ, ಚೀಲ ನೀವೇ ತಗೊಂಡು ಹೋಗಿ. ಹಸಿಯದನ್ನು ಹಾಕಬೇಡಿ, ಬೇರು ಸುಡುತ್ತೆ. ಐದಾರು ತಿಂಗಳು ಚೆನ್ನಾಗಿ ಕೊಳೆಸಿ. ಕುದುರೆಗೆ ಹುಲ್ಲಿನ ಬೀಜ ಪೂರ್ತಿ ಅರಗಲ್ಲ, ಇಲ್ಲಾಂದ್ರೆ ಕುಂಡದ ತುಂಬ ಕಳೆ ಬರುತ್ತೆ.